ಹೀತ್ರೋದ ಹುಲ್ಲುಬಯಲು

ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರೋಣವೆಂದು ನಾನು ಇಂಗ್ಲೆಂಡಿಗೆ ಹೋದೆ. ಅವಳ ಮನೆ ಇದ್ದುದು ಲಂಡನ್ನಿನ ಪಶ್ಚಿಮದ ಅಂಚಿನಲ್ಲಿರುವ ಹಾರ್ಲಿಂಗ್ಟನ್ ಎಂಬ ಸಣ್ಣ ಊರಿನಲ್ಲಿ. ಊರಿನ ದಕ್ಷಿಣಕ್ಕೆ ಬಾತ್ ರಸ್ತೆ. ಆ ರಸ್ತೆಯನ್ನು ದಾಟಿದರೆ ಹೀತ್ರೋ ವಿಮಾನ ನಿಲ್ದಾಣದ ಬೇಲಿ. ಬೆಳಗಿನ ಜಾವ ಐದು ಗಂಟೆಯ ಸುಮಾರಿಗೆ ಮೊದಲನೆಯ ವಿಮಾನ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ರಾತ್ರಿಯವರೆಗೆ ಒಂದರ ಹಿಂದೆ ಒಂದು. ಮೊದಲ ಕೆಲವು ದಿನ ಪ್ರತಿಯೊಂದು ವಿಮಾನ ಬಂದಾಗಲೂ ನಾನು ಕಿಟಕಿಯ ಬಳಿಗೆ ಓಡುತ್ತಿದ್ದೆ. ವಾರ ಕಳೆಯುವುದರೊಳಗೆ ಆ ಉತ್ಸಾಹ ಇಳಿಯಿತು. ಮಾತಿನ ನಡುವೆ ವಿಮಾನ ಬಂದರೆ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಕಳೆದ ಮೇಲೆ ಉಳಿದರ್ಧವನ್ನು ಮುಗಿಸುವುದು ಆ ಊರಿನವರ ಅಭ್ಯಾಸ. ಎರಡು ವಾರಗಳಲ್ಲಿ ಅದು ನನಗೂ ಬಂದಿತು.

ಒಂದು ಸಂಜೆ ಮೊಮ್ಮಗ ಕೇಳಿದ: "ತಾತ, ಹೀತ್ರೋ ಎಂದರೆ ಏನರ್ಥ?" ನನಗೆ ತಿಳಿದಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದೆ. ಮೂವತ್ತು ವರ್ಷ ಉಪಾಧ್ಯಾಯನಾಗಿದ್ದವನಿಗೆ ಇದು ರೂಢಿಯ ಉಪಾಯ. ಆದರೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಲ್ಲ! ಮರುದಿನ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದೆ. ಆ ಪ್ರದೇಶದ ಇತಿಹಾಸವನ್ನು ಕುರಿತ ಪುಸ್ತಕಗಳನ್ನು ಅಲ್ಲಿ ಬೇರೆಯಾಗಿಯೇ ಜೋಡಿಸಿಟ್ಟಿದ್ದರು. ಹೀತ್ ಎಂದರೆ ಕುರುಚಲು ಗಿಡಗಳು ಬೆಳೆದ ಬಯಲು. ರೋ ಎಂದರೆ ಸಾಲು. ಬಯಲಿನ ಅಂಚಿಗೆ ಸಾಲಾಗಿ ಕಟ್ಟಿದ ಮನೆಗಳ ಊರು ಹೀತ್ರೋ. ಹಾಗಾದರೆ ಅದು ವಿಮಾನ ನಿಲ್ದಾಣದ ಹೆಸರಲ್ಲ, ಒಂದು ಹಳ್ಳಿಯ ಹೆಸರು. ಆ ಹಳ್ಳಿ ಈಗ ಎಲ್ಲಿದೆ?

ಉತ್ತರವನ್ನು ಹುಡುಕಲು ಹಳೆಯ ಭೂಪಟವೊಂದನ್ನು ತೆಗೆಸಿಕೊಂಡು ಮೇಜಿನ ಮೇಲೆ ಹರಡಿದೆ. ಅದು 1930ರ ದಶಕದ ಭೂಪಟ. ಈಗ ವಿಮಾನ ನಿಲ್ದಾಣವಿರುವ ಜಾಗದಲ್ಲಿ ತೋಟಗಳು, ಹೊಲಗಳು, ಬಳುಕುತ್ತ ಹೋಗುವ ಒಂದು ದಾರಿ, ದಾರಿಯ ಅಕ್ಕಪಕ್ಕದಲ್ಲಿ ರೈತರ ಮನೆಗಳು. ಅದೇ ಹೀತ್ರೋ. ಹಳ್ಳಿಯ ಆಗ್ನೇಯಕ್ಕೆ ಕಣ್ಣು ಹಾಯಿಸಿದಾಗ ಇನ್ನೊಂದು ಅಚ್ಚರಿ ಕಾದಿತ್ತು. ಹೊಲಗಳ ನಡುವೆ ಒಂದು ಚೌಕದಂಥ ಜಾಗ. ಅದರ ಮೇಲೆ ವಿಮಾನ ನಿಲ್ದಾಣ ಎಂದು ಬರೆದಿತ್ತು. ಈಗಿನ ದೊಡ್ಡ ನಿಲ್ದಾಣ ಹುಟ್ಟುವುದಕ್ಕೆ ಹಲವು ವರ್ಷ ಮೊದಲೇ ಅಲ್ಲಿ ಪುಟ್ಟದೊಂದು ವಿಮಾನ ನಿಲ್ದಾಣವಿತ್ತು! ಅದು ಸರಕಾರದ್ದಲ್ಲ, ಖಾಸಗಿಯದು. ಅದರ ಹೆಸರು ಗ್ರೇಟ್ ವೆಸ್ಟ್ ಏರೋಡ್ರೋಮ್. ಹೆಸರು ದೊಡ್ಡದು, ಬಯಲು ಸಣ್ಣದು. ಆ ಬಯಲಿನ ಕತೆ ನನ್ನನ್ನು ಹಿಡಿದುಕೊಂಡಿತು.

ಹಾರ್ಲಿಂಗ್ಟನ್ನಿಗೆ ಸಮೀಪದ ಹೇಸ್ ಎಂಬ ಊರಿನಲ್ಲಿ ರಿಚರ್ಡ್ ಫೇರಿ ಎಂಬ ಎಂಜಿನಿಯರನ ವಿಮಾನ ಕಾರ್ಖಾನೆಯಿತ್ತು. ಕಾರ್ಖಾನೆಯಲ್ಲಿ ತಯಾರಾದ ವಿಮಾನಗಳನ್ನು ಹಾರಿಸಿ ಪರೀಕ್ಷಿಸಲು ಅವನಿಗೆ ಸ್ವಂತ ಬಯಲಿರಲಿಲ್ಲ. ನಾರ್ತೋಲ್ಟ್ ಎಂಬಲ್ಲಿದ್ದ ವಾಯುಪಡೆಯ ನಿಲ್ದಾಣವನ್ನು ಬಳಸಿಕೊಳ್ಳುತ್ತಿದ್ದ. 1928ರಲ್ಲಿ ಅದನ್ನು ತೆರವು ಮಾಡುವಂತೆ ಸರಕಾರ ಸೂಚಿಸಿತು. ಬೇರೆ ಜಾಗವನ್ನು ಎಲ್ಲಿ ಹುಡುಕುವುದು ಎಂದು ಚಿಂತೆ ಹತ್ತಿದಾಗ, ಕಂಪನಿಯ ಮುಖ್ಯ ಪರೀಕ್ಷಾ ವೈಮಾನಿಕನಾಗಿದ್ದ ನಾರ್ಮನ್ ಮ್ಯಾಕ್‌ಮಿಲನ್ನನಿಗೆ ಹಳೆಯ ಘಟನೆಯೊಂದು ನೆನಪಿಗೆ ಬಂದಿತು. 1925ರಲ್ಲಿ ಅವನು ಅನಿವಾರ್ಯವಾಗಿ ಹೀತ್ರೋದ ಹೊಲವೊಂದರಲ್ಲಿ ವಿಮಾನವನ್ನು ಇಳಿಸಬೇಕಾಗಿ ಬಂದಿತ್ತು. ಅಲ್ಲಿಂದಲೇ ಮತ್ತೆ ಸುಲಭವಾಗಿ ಮೇಲೇರಿದ್ದ. ಆ ನೆಲ ಅಂಗೈಯಂತೆ ಸಮತಟ್ಟಾಗಿದ್ದುದು ಅವನ ಮನಸ್ಸಿನಲ್ಲಿ ಉಳಿದಿತ್ತು. ಅವನ ಮಾತಿನ ಮೇಲೆ ಫೇರಿ 1929ರಲ್ಲಿ ಸುಮಾರು 150 ಎಕರೆ ನೆಲವನ್ನು 15,000 ಪೌಂಡುಗಳಿಗೆ ಕೊಂಡ. 1930ರಲ್ಲಿ ಬಯಲು ಸಿದ್ಧವಾಯಿತು.

ಸಿದ್ಧವಾಯಿತು ಎಂದರೆ ಕಾಂಕ್ರೀಟು ಹಾಸಿದರೆಂದು ತಿಳಿಯಬಾರದು. ಅಲ್ಲಿ ರನ್‌ವೇ ಇರಲಿಲ್ಲ. ಇದ್ದುದು ಹುಲ್ಲು. ಉಬ್ಬುತಗ್ಗುಗಳನ್ನು ಸವರಿ, ಒಳ್ಳೆಯ ಹುಲ್ಲನ್ನು ಬೆಳೆಸಿ, ಚೆಂಡು ಉರುಳಿಸುವ ಆಟದ ಅಂಗಳದಂತೆ ನುಣುಪು ಮಾಡಿದ ಹುಲ್ಲುಬಯಲು ಅದು. ಅದರ ಒಂದು ಅಂಚಿನಲ್ಲಿ ವಿಮಾನಗಳನ್ನು ನಿಲ್ಲಿಸುವ ಕೊಟ್ಟಿಗೆ. ಆ ಕಾಲದ ಹಗುರವಾದ ವಿಮಾನಗಳಿಗೆ ಅಷ್ಟೇ ಸಾಕು. ಗಾಳಿ ಯಾವ ಕಡೆಯಿಂದ ಬೀಸಿದರೂ ಅದಕ್ಕೆ ಎದುರಾಗಿ ಓಡಿ ಮೇಲೇರಬಹುದು. ಹುಲ್ಲುಬಯಲಿಗೆ ದಿಕ್ಕಿನ ಹಂಗಿಲ್ಲ.

ಈ ಬಯಲಿನಿಂದ ಮೊದಲ ಸಲ ಮೇಲೇರಿದ ವಿಮಾನಗಳಲ್ಲಿ ಒಂದನ್ನಾದರೂ ಇಲ್ಲಿ ಹೆಸರಿಸಬೇಕು. 1934ರ ಏಪ್ರಿಲ್ ತಿಂಗಳಿನಲ್ಲಿ ಎರಡು ಜೊತೆ ರೆಕ್ಕೆಗಳ, ಬಟ್ಟೆ ಹೊದಿಸಿದ ಮೈಯ ವಿಮಾನವೊಂದು ಇಲ್ಲಿಂದ ಹಾರಿತು. ಅದು ಸ್ವೋರ್ಡ್‌ಫಿಷ್ ವಿಮಾನದ ಮಾದರಿ. ಯುದ್ಧ ಬರುವ ಹೊತ್ತಿಗೆ ಅದು ಹಳೆಯ ಕಾಲದ ವಸ್ತುವಾಗಿತ್ತು. ನಿಧಾನದ ವಿಮಾನವೆಂದು ನಗುವವರೂ ಇದ್ದರು. ಆದರೆ 1941ರ ಮೇ ತಿಂಗಳಿನಲ್ಲಿ ಜರ್ಮನಿಯ ಮಹಾನೌಕೆ ಬಿಸ್ಮಾರ್ಕ್ ಅಟ್ಲಾಂಟಿಕ್ ಸಾಗರದಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದಾಗ, ಅದರ ಚುಕ್ಕಾಣಿಗೆ ಟಾರ್ಪೆಡೊ ಹೊಡೆದು ಅದನ್ನು ಕುಂಟಾಗಿಸಿದ್ದು ಇದೇ ವಿಮಾನ. ಬೇರೆ ದಿನಗಳಲ್ಲಿ ಆ ಬಯಲಿನಲ್ಲಿ ಶಾಂತವಾದ ಸಂಭ್ರಮಗಳೂ ನಡೆಯುತ್ತಿದ್ದುವು. 1935ರಿಂದ 1939ರವರೆಗೆ ವರ್ಷಕ್ಕೊಮ್ಮೆ ರಾಯಲ್ ಏರೋನಾಟಿಕಲ್ ಸೊಸೈಟಿಯವರು ಅಲ್ಲಿ ಸಂತೋಷಕೂಟ ನಡೆಸಿದರು. ಜನ ಹುಲ್ಲಿನ ಮೇಲೆ ನಿಂತು ಚಹಾ ಕುಡಿಯುತ್ತ ಹೊಸ ವಿಮಾನಗಳನ್ನು ನೋಡುತ್ತಿದ್ದರು. ಬೇಲಿಯ ಆಚೆ ರೈತರು ತಮ್ಮ ಕೋಸು, ಬಟಾಣಿಗಳ ಸಾಲುಗಳಲ್ಲಿ ಕಳೆ ಕೀಳುತ್ತಿದ್ದರು.

ರೈತರ ಮಾತನ್ನು ಬಿಡುವಂತಿಲ್ಲ. ಹೀತ್ರೋದ ನೆಲ ಬರಿಯ ಬಯಲಾಗಿರಲಿಲ್ಲ. ಅದು ಒಳ್ಳೆಯ ಫಲವತ್ತಾದ ಮಣ್ಣು. ತಲೆಮಾರುಗಳಿಂದ ಅಲ್ಲಿಯವರು ತರಕಾರಿಯನ್ನೂ ಹಣ್ಣನ್ನೂ ಬೆಳೆದು ಲಂಡನ್ನಿನ ಸಂತೆಗೆ ಕಳುಹಿಸುತ್ತಿದ್ದರು. ನಮ್ಮ ಬೆಂಗಳೂರಿಗೆ ಸುತ್ತಲಿನ ಹಳ್ಳಿಗಳು ಹೇಗೋ, ಲಂಡನ್ನಿಗೆ ಆ ಹಳ್ಳಿಗಳು ಹಾಗೆ. ವಿಮಾನಬಯಲು ಬಂದ ಮೇಲೂ ಅವರ ಬದುಕು ಕೆಡಲಿಲ್ಲ. ಸಣ್ಣ ಬಯಲು, ಕೆಲವೇ ವಿಮಾನಗಳು, ಎರಡಕ್ಕೂ ಸ್ಥಳವಿತ್ತು.

ಆ ನೆಲ ಸಮತಟ್ಟಾಗಿದೆಯೆಂದು ಮೊದಲು ಕಂಡುಕೊಂಡವನು ವೈಮಾನಿಕನಲ್ಲ, ಒಬ್ಬ ಭೂಮಾಪಕ. 1784ರಲ್ಲಿ ವಿಲಿಯಂ ರಾಯ್ ಎಂಬ ಸೇನಾಧಿಕಾರಿ ಲಂಡನ್ನಿನ ಗ್ರೀನಿಚ್ ಮತ್ತು ಪ್ಯಾರಿಸ್ ನಗರಗಳ ಖಗೋಳ ವೀಕ್ಷಣಾಲಯಗಳ ನಡುವಣ ಅಂತರವನ್ನು ತ್ರಿಕೋನಗಳ ಮೂಲಕ ಲೆಕ್ಕ ಹಾಕಲು ಹೊರಟ. ಆ ಲೆಕ್ಕಕ್ಕೆ ನೆಲದ ಮೇಲೆ ಅತ್ಯಂತ ನಿಖರವಾಗಿ ಅಳೆದ ಒಂದು ಆಧಾರ ರೇಖೆ ಬೇಕು. ಅದಕ್ಕಾಗಿ ಅವನು ಆರಿಸಿದ್ದು ಹೀತ್ರೋದಿಂದ ಹ್ಯಾಂಪ್ಟನ್ನಿನವರೆಗಿನ ಬಯಲು. ಮೊದಲು ಮರದ ಗಳುಗಳಿಂದ ಅಳೆದರು. ತೇವಕ್ಕೆ ಮರ ಹಿಗ್ಗುತ್ತದೆಂದು ತಿಳಿದು ಗಾಜಿನ ಕೊಳವೆಗಳನ್ನು ಮಾಡಿಸಿ ಮತ್ತೆ ಅಳೆದರು. ರೇಖೆಯ ಉದ್ದ 27,404 ಅಡಿ, ಐದು ಮೈಲಿಗಿಂತ ತುಸು ಹೆಚ್ಚು. ಅದರ ಎರಡು ತುದಿಗಳನ್ನು ಗುರುತಿಸಲು ಮುಂದೆ ನೆಲದಲ್ಲಿ ಎರಡು ಫಿರಂಗಿಗಳನ್ನು ನೆಟ್ಟರು. ಇದೇ ವಿದ್ಯೆ ಹದಿನಾರು ವರ್ಷಗಳ ತರುವಾಯ ನಮ್ಮ ನಾಡಿಗೂ ಬಂದಿತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಇಂಥದೇ ಆಧಾರ ರೇಖೆಯನ್ನು ಅಳೆದ. ಭಾರತವನ್ನೆಲ್ಲ ತ್ರಿಕೋನಗಳಿಂದ ಅಳೆದ ಮಹಾಕಾರ್ಯಕ್ಕೆ ಅದು ನಾಂದಿಯಾಯಿತು. ಪುಸ್ತಕದಲ್ಲಿ ಇದನ್ನು ಓದಿದಾಗ ಪರದೇಶದ ಆ ಬಯಲಿಗೂ ನನಗೂ ದೂರದ ನಂಟೊಂದು ಸಿಕ್ಕಂತಾಯಿತು. ಆ ಫಿರಂಗಿಯನ್ನು ನೋಡಲೇಬೇಕೆನಿಸಿತು.

ಮರುದಿನ ಬೆಳಿಗ್ಗೆ ನಡೆದುಕೊಂಡು ಹೋದೆ. ವಿಮಾನ ನಿಲ್ದಾಣದ ಉತ್ತರದ ಸುತ್ತುರಸ್ತೆಯ ಪಕ್ಕದಲ್ಲಿ ಒಂದಿಷ್ಟು ಹುಲ್ಲು; ಅದರ ನಡುವೆ ನೆಟ್ಟಗೆ ನಿಂತ, ಕಪ್ಪಾದ ಫಿರಂಗಿ. ಕಾರುಗಳು ಸಾಗುತ್ತಲೇ ಇದ್ದುವು. ಅದರ ಕಡೆಗೆ ನೋಡುವವರು ಯಾರೂ ಇರಲಿಲ್ಲ. 1944ರಲ್ಲಿ ಅದನ್ನೂ ಕಿತ್ತು ತೆಗೆದಿದ್ದರು. 1972ರಲ್ಲಿ ಮರಳಿ ತಂದು ನೆಟ್ಟರು. ಆ ನೆಲದಲ್ಲಿದ್ದುದರಲ್ಲಿ ಕಿತ್ತುಹೋಗಿ ಮರಳಿ ಬಂದದ್ದು ಆ ಫಿರಂಗಿಯೊಂದೇ ಇರಬಹುದು.

1944ರಲ್ಲಿ ನಡೆದದ್ದೇನು?

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಯುದ್ಧಕಾಲದಲ್ಲಿ ಬ್ರಿಟಿಷ್ ಸರಕಾರಕ್ಕೆ ವಿಶೇಷಾಧಿಕಾರಗಳಿದ್ದುವು. ದೇಶರಕ್ಷಣೆಗೆ ಬೇಕೆಂದರೆ ಯಾರ ನೆಲವನ್ನಾದರೂ ವಶಪಡಿಸಿಕೊಳ್ಳಬಹುದು. ಬಹಿರಂಗ ವಿಚಾರಣೆ ಬೇಕಿಲ್ಲ. ಜಪಾನಿನ ಮೇಲಿನ ಯುದ್ಧಕ್ಕೆ ದೂರ ಹಾರುವ ದೊಡ್ಡ ವಿಮಾನಗಳ ನೆಲೆಯೊಂದು ಬೇಕಾಗಿದೆ, ಅದಕ್ಕೆ ಹೀತ್ರೋ ತಕ್ಕ ಸ್ಥಳ ಎಂದು ವಾಯುಯಾನ ಖಾತೆ ಹೇಳಿತು. ಫೇರಿಯ ಹುಲ್ಲುಬಯಲು ಹೋಯಿತು. ಅದರೊಡನೆ ಹೀತ್ರೋ ಹಳ್ಳಿಯೂ, ಸುತ್ತಲಿನ ತೋಟಗಳೂ ಹೋದುವು. ಆ ದಿನಗಳಲ್ಲಿ ಫೇರಿಯ ಕಾರ್ಖಾನೆ ಅದೇ ಸರಕಾರಕ್ಕಾಗಿ ಹಗಲಿರುಳು ಯುದ್ಧವಿಮಾನಗಳನ್ನು ತಯಾರಿಸುತ್ತಿತ್ತು. ಮುಂದೊಂದು ದಿನ ಕಾರ್ಖಾನೆಯನ್ನೇ ಈ ಬಯಲಿಗೆ ತರಬೇಕೆಂದು ಕಂಪನಿ ಯೋಚಿಸಿತ್ತು. ಆ ಯೋಚನೆ ಅಲ್ಲಿಗೆ ಮುಗಿಯಿತು. ವಿಮಾನಗಳ ಪರೀಕ್ಷೆಗೆ ಅವರು ಹೆಸ್ಟನ್, ವೈಟ್ ವಾಲ್ಥಮ್ ಎಂಬ ಬೇರೆ ಬಯಲುಗಳನ್ನು ಅರಸಿಕೊಂಡು ಹೋಗಬೇಕಾಯಿತು.

ಯಂತ್ರಗಳು ನೆಲವನ್ನು ಅಗೆಯುವ ಮುನ್ನ ಪ್ರಾಕ್ತನ ಸಂಶೋಧಕರಿಗೆ ಸ್ವಲ್ಪ ಕಾಲಾವಕಾಶ ಸಿಕ್ಕಿತು. ಡಬ್ಲ್ಯು. ಎಫ್. ಗ್ರೈಮ್ಸ್ ಎಂಬ ವಿದ್ವಾಂಸ 1944ರಲ್ಲಿ ಅಲ್ಲಿ ಅವಸರದಿಂದ ಉತ್ಖನನ ನಡೆಸಿದ. ಎರಡು ಸಾವಿರ ವರ್ಷಗಳಿಗೂ ಹಿಂದೆ, ಕಬ್ಬಿಣದ ಯುಗದಲ್ಲಿ ಅಲ್ಲಿದ್ದ ಹಳ್ಳಿಯೊಂದರ ಕುರುಹುಗಳು ಹೊರಬಂದುವು. ದುಂಡನೆಯ ಗುಡಿಸಲುಗಳು, ಅವುಗಳ ಬಳಿ ಸುತ್ತಲೂ ಮರದ ಕಂಬಗಳಿದ್ದ ಚೌಕಾಕಾರದ ಒಂದು ದೇಗುಲ. ಅಳತೆ ತೆಗೆದುಕೊಂಡು ಚಿತ್ರ ಬರೆದುಕೊಂಡ ಮೇಲೆ ಅದರ ಮೇಲೂ ರನ್‌ವೇ ಹರಡಿತು. ಹೀಗೆ ಒಂದೇ ಕಾಂಕ್ರೀಟಿನ ಅಡಿಯಲ್ಲಿ ಎರಡು ಹಳ್ಳಿಗಳು ಮಲಗಿದುವು.

ಇಷ್ಟನ್ನು ಪುಸ್ತಕಗಳಿಂದ ತಿಳಿದೆ. ಉಳಿದದ್ದನ್ನು ಹೇಳಿದವರು ಒಬ್ಬ ವೃದ್ಧರು. ಫಿರಂಗಿಯನ್ನು ನೋಡಿದ ದಿನವೇ ನಾನು ಅಲ್ಲಿಂದ ಸಿಪ್ಸನ್ ಎಂಬ ಊರನ್ನು ಹಾದು ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಗೆ ನಡೆದುಹೋಗಿದ್ದೆ. ಅಲ್ಲಿ 1426ರಲ್ಲಿ ಓಕ್ ಮರದಿಂದ ಕಟ್ಟಿದ ಸುಮಾರು 190 ಅಡಿ ಉದ್ದದ ಒಂದು ಧಾನ್ಯದ ಕಣಜವಿದೆ. ಆರು ನೂರು ವರ್ಷಗಳಾದರೂ ತೊಲೆಗಳು ಬಾಗಿಲ್ಲ. ಅದನ್ನು ನೋಡಿ ದಣಿದು ಇಗರ್ಜಿಯ ಅಂಗಳದ ಬೆಂಚಿನ ಮೇಲೆ ಕುಳಿತಾಗ, ಪಕ್ಕದಲ್ಲಿದ್ದ ವೃದ್ಧರೊಡನೆ ಮಾತು ಬೆಳೆಯಿತು. ಅವರಿಗೆ ಎಂಬತ್ತೇಳು ವರ್ಷ. ಹುಟ್ಟಿದ್ದು ಹೀತ್ರೋದಲ್ಲಿ.

"ವಿಮಾನ ನಿಲ್ದಾಣದಲ್ಲಿಯೇ?" ಎಂದು ಕೇಳಿಬಿಟ್ಟೆ.

ಅವರು ನಕ್ಕರು. "ಎಲ್ಲರೂ ಹಾಗೆಯೇ ಕೇಳುತ್ತಾರೆ. ಹೀತ್ರೋದಲ್ಲಿ. ಸೇಬಿನ ತೋಟದ ಪಕ್ಕದ ಮನೆಯಲ್ಲಿ."

ಬೇಲಿಯ ಕಿಂಡಿಯಿಂದ ಫೇರಿಯ ಬಯಲನ್ನು ನೋಡುತ್ತಿದ್ದುದನ್ನು ಅವರು ವರ್ಣಿಸಿದರು. ವಿಮಾನ ಮೇಲೇರುವಾಗ ಹುಲ್ಲು ಅಲೆಅಲೆಯಾಗಿ ಬಾಗುತ್ತಿತ್ತಂತೆ. ಪರೀಕ್ಷೆ ಮುಗಿಸಿ ಬಂದ ವೈಮಾನಿಕನೊಬ್ಬ ಬೇಲಿಯ ಬಳಿ ನಿಂತ ಮಕ್ಕಳಿಗೆ ಕೈಬೀಸುತ್ತಿದ್ದನಂತೆ. ಆಮೇಲೆ ಒಂದು ದಿನ ಕಾಗದ ಬಂದಿತು. ಹೊಲದಲ್ಲಿ ಬೆಳೆ ನಿಂತಿತ್ತು. ಅದನ್ನು ಕೊಯ್ಯುವಷ್ಟು ದಿನವೂ ಉಳಿದಿರಲಿಲ್ಲ.

"ನಿಮ್ಮ ತಂದೆ ಏನೆಂದರು?"

"ಏನೂ ಅನ್ನಲಿಲ್ಲ. ತಾಯಿ ಅತ್ತಾಗ, ಊರಿನವರು ಮಕ್ಕಳನ್ನೇ ಯುದ್ಧಕ್ಕೆ ಕೊಟ್ಟಿದ್ದಾರೆ, ನಾವು ಹೊಲವನ್ನು ಕೊಡಲಾರೆವೆ ಎಂದರು. ಅಷ್ಟೇ. ಗಾಡಿಗೆ ಸಾಮಾನು ಹೇರಿದರು."

ಯುದ್ಧ ಮುಗಿಯಿತು. ವಾಯುಪಡೆ ಆ ನೆಲೆಯನ್ನು ಬಳಸಲೇ ಇಲ್ಲ. 1946ರ ಜನವರಿ 1ರಂದು ಅದು ನಾಗರಿಕ ವಿಮಾನಯಾನ ಖಾತೆಗೆ ಸೇರಿತು. ಅದೇ ದಿನ ಅಲ್ಲಿಂದ ಪ್ರಯಾಣಿಕ ವಿಮಾನವೊಂದು ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ನಗರದ ಕಡೆಗೆ ಹೊರಟಿತು. ಪ್ರಯಾಣಿಕರಿಗೆ ಕಟ್ಟಡವಿಲ್ಲದೆ ಸೇನೆಯ ಡೇರೆಗಳನ್ನು ಹಾಕಿ, ಒಳಗೆ ಕುರ್ಚಿಗಳನ್ನೂ ಹೂವಿನ ಕುಂಡಗಳನ್ನೂ ಇಟ್ಟಿದ್ದರು. ಮಳೆ ಬಂದರೆ ಕೆಸರಿನ ಮೇಲೆ ಹಾಸಿದ ಹಲಗೆಗಳ ಮೇಲೆ ನಡೆದು ವಿಮಾನವನ್ನು ಸೇರಬೇಕಾಗಿತ್ತು. ಯುದ್ಧದ ನೆಲೆ ಎಷ್ಟು ಬೇಗ ಪ್ರಯಾಣಿಕರ ನಿಲ್ದಾಣವಾಯಿತು ಎಂದು ಹಲವರು ಬೆರಗಾದರು.

ಆ ಬೆರಗಿಗೆ ಉತ್ತರ ದೊರೆತದ್ದು 1973ರಲ್ಲಿ. ಯುದ್ಧಕಾಲದಲ್ಲಿ ವಾಯುಯಾನ ಖಾತೆಯ ಉಪಮಂತ್ರಿಯಾಗಿದ್ದ ಹೆರಾಲ್ಡ್ ಬಾಲ್ಫರ್ ಆ ವರ್ಷ ತನ್ನ ಆತ್ಮಕಥೆಯನ್ನು ಪ್ರಕಟಿಸಿದ. ಹೀತ್ರೋವನ್ನು ಯುದ್ಧದ ಹೆಸರಿನಲ್ಲಿ ಪಡೆದರೂ ಮನಸ್ಸಿನಲ್ಲಿದ್ದುದು ಯುದ್ಧಾನಂತರದ ನಾಗರಿಕ ವಿಮಾನ ನಿಲ್ದಾಣವೇ ಎಂದು ಅವನು ಅದರಲ್ಲಿ ಬಿಚ್ಚಿ ಹೇಳಿದ. ಶಾಂತಿಕಾಲದಲ್ಲಿ ಕೇಳಿದ್ದರೆ ವಿಚಾರಣೆ, ವಿರೋಧ, ವಿಳಂಬ. ಯುದ್ಧದ ಅಧಿಕಾರವನ್ನು ಬಳಸಿದರೆ ಒಂದು ಕಾಗದ ಸಾಕು. ಅವನ ಬರೆಹದಲ್ಲಿ ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ಕಂಡದ್ದು ಚತುರತೆಯ ಹೆಮ್ಮೆ. ಫೇರಿ ಕಂಪನಿಗೆ ಪರಿಹಾರದ ಹಣವಾಗಿ 16 ಲಕ್ಷ ಪೌಂಡು ಸಿಕ್ಕಿದ್ದು 1964ರಲ್ಲಿ, ನೆಲ ಹೋಗಿ ಇಪ್ಪತ್ತು ವರ್ಷಗಳಾದ ಮೇಲೆ. ಅಷ್ಟರಲ್ಲಿ ರಿಚರ್ಡ್ ಫೇರಿ ತೀರಿಕೊಂಡು ಎಂಟು ವರ್ಷಗಳಾಗಿದ್ದುವು.

ಇಗರ್ಜಿಯ ಅಂಗಳದ ವೃದ್ಧರನ್ನು ಕೇಳಿದೆ: "ಆ ಪುಸ್ತಕವನ್ನು ನಿಮ್ಮ ತಂದೆ ಓದಿದರೆ?"

"ಇಲ್ಲ. ಅದು ಬರುವ ಮೊದಲೇ ತೀರಿಕೊಂಡಿದ್ದರು" ಎಂದರು. ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಅದರ ಸದ್ದು ಕರಗುವವರೆಗೆ ಸುಮ್ಮನಿದ್ದು, "ಒಳ್ಳೆಯದೇ ಆಯಿತು" ಎಂದು ಸೇರಿಸಿದರು.

ಅಂದು ಮನೆಗೆ ಮರಳುವಾಗ ದಾರಿಯುದ್ದಕ್ಕೂ ನನಗೆ ನೆನಪಾದವರು ನನ್ನ ತಂದೆ. 1971ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಊರಿನ ಪೂರ್ವಕ್ಕೆ ನಮ್ಮದು ಮೂರು ಎಕರೆ ರಾಗಿಯ ಹೊಲ. ಬದುವಿನಲ್ಲಿ ಎರಡು ಹೊಂಗೆಯ ಮರ. ಒಂದು ದಿನ ಕಚೇರಿಯವರು ಬಂದು, ನಿಮ್ಮ ಹೊಲವೂ ಅಕ್ಕಪಕ್ಕದ ಹೊಲಗಳೂ ಸಾರ್ವಜನಿಕ ಉದ್ದೇಶಕ್ಕೆ ಬೇಕಾಗಿವೆ ಎಂದರು. "ಯಾವ ಉದ್ದೇಶ?" ಎಂದು ತಂದೆ ಕೇಳಿದರು. "ಆಸ್ಪತ್ರೆ" ಎಂದರು. ಹಿಂದಿನ ವರ್ಷವಷ್ಟೇ ನನ್ನ ತಂಗಿ ಜ್ವರದಿಂದ ತೀರಿಕೊಂಡಿದ್ದಳು. ಗಾಡಿ ಕಟ್ಟಿ ಹನ್ನೆರಡು ಮೈಲಿ ದೂರದ ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ತಡವಾಗಿತ್ತು. ತಂದೆ ಮರುಮಾತನಾಡದೆ ಹೆಬ್ಬೆಟ್ಟು ಒತ್ತಿದರು. ಅಂದು ರಾತ್ರಿ ಊಟಕ್ಕೆ ಕುಳಿತಾಗ, "ನಮ್ಮ ಮಗುವಿಗೆ ಸಿಗದಿದ್ದುದು ಊರಿನ ಮಕ್ಕಳಿಗಾದರೂ ಸಿಗಲಿ" ಎಂದರು.

ನಾಲ್ಕು ವರ್ಷ ಆ ಹೊಲ ಪಾಳು ಬಿದ್ದಿತ್ತು. ಆಮೇಲೆ ಅಲ್ಲಿ ಎದ್ದುದು ಆಸ್ಪತ್ರೆಯಲ್ಲ. ತಗಡಿನ ಸೂರಿನ ಉಗ್ರಾಣಗಳ ಸಾಲು. ಕೆಲವರಿಗೆ ಅಲ್ಲಿ ಕೆಲಸ ಸಿಕ್ಕಿತು. ಊರಿಗೆ ಬಸ್ಸು ಬಂದಿತು, ದೀಪ ಬಂದಿತು. ಕೆಟ್ಟದಾಯಿತೆಂದು ನಾನು ಹೇಳಲಾರೆ. ಹಣವೂ ತಡವಾಗಿಯಾದರೂ ಬಂದಿತು. ಆದರೆ ನನ್ನ ತಂದೆ ಮತ್ತೆ ಆ ದಾರಿಯಲ್ಲಿ ನಡೆಯಲಿಲ್ಲ. ಸಂತೆಗೆ ಹೋಗುವಾಗಲೂ ಕೆರೆಯ ಏರಿಯ ಮೇಲೆ ಬಳಸಿಕೊಂಡು ಹೋಗುತ್ತಿದ್ದರು. ಒಮ್ಮೆ ಕಾರಣ ಕೇಳಿದೆ. "ಹೊಲ ಹೋದುದಕ್ಕೆ ದುಃಖವಿಲ್ಲ, ಮಗು. ಉಗ್ರಾಣಕ್ಕೆ ಬೇಕು ಎಂದಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ನಾನು ಯಾವುದಕ್ಕೆ ಕೊಟ್ಟೆನೋ ಅದನ್ನೇ ಸುಳ್ಳು ಮಾಡಿದರಲ್ಲ" ಎಂದರು. ಆಗ ಆ ಮಾತು ನನಗೆ ಪೂರ್ತಿಯಾಗಿ ಅರ್ಥವಾಗಿರಲಿಲ್ಲ. ಅದು ಅರ್ಥವಾಗಲು ನಾನು ಐವತ್ತು ವರ್ಷ ಕಾದು, ಸಮುದ್ರ ದಾಟಿ, ಮತ್ತೊಬ್ಬ ರೈತನ ಮಗನ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಯಿತು.

ಇಲ್ಲಿ ನಾನು ನನ್ನನ್ನೇ ಪ್ರಶ್ನಿಸಿಕೊಳ್ಳಬೇಕು. ಮಗಳನ್ನೂ ಮೊಮ್ಮಗನನ್ನೂ ನೋಡಲು ನಾನು ಬಂದಿಳಿದದ್ದು ಆ ಕಾಂಕ್ರೀಟಿನ ಮೇಲೆಯೇ ಅಲ್ಲವೆ? 2024ರಲ್ಲಿ 8 ಕೋಟಿಗೂ ಮಿಕ್ಕ ಪ್ರಯಾಣಿಕರು ಹೀತ್ರೋವನ್ನು ಬಳಸಿದರು. ಅವರಲ್ಲಿ ಓದಲು ಹೊರಟ ವಿದ್ಯಾರ್ಥಿಗಳಿದ್ದರು, ಕೆಲಸ ಹುಡುಕಿ ಹೊರಟವರಿದ್ದರು, ತಾಯಿಯ ಕೊನೆಯ ಮುಖ ನೋಡಲು ಧಾವಿಸುತ್ತಿದ್ದವರೂ ಇದ್ದಿರಬೇಕು. ಯುದ್ಧಾನಂತರದ ಲಂಡನ್ನಿಗೆ ದೊಡ್ಡ ವಿಮಾನ ನಿಲ್ದಾಣ ಬೇಕಾಗಿದ್ದುದು ಸುಳ್ಳಲ್ಲ. ಆಗ ಇದ್ದ ಕ್ರಾಯ್ಡನ್ ನಿಲ್ದಾಣ ಮುಂದಿನ ಕಾಲದ ಭಾರೀ ವಿಮಾನಗಳಿಗೆ ಸಾಲದಾಗಿತ್ತು. 150 ಎಕರೆಯ ಹುಲ್ಲುಬಯಲನ್ನು ಹಾಗೆಯೇ ಉಳಿಸಿಕೊಂಡು ಕೋಟಿ ಜನರನ್ನು ತಡೆದು ನಿಲ್ಲಿಸಬೇಕಾಗಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಕಾಲ ಬದಲಾದಂತೆ ನೆಲದ ಉಪಯೋಗವೂ ಬದಲಾಗುತ್ತದೆ. ಫೇರಿಯ ಬಯಲೂ ಒಂದು ಕಾಲದಲ್ಲಿ ಯಾರದೋ ಹೊಲವಾಗಿತ್ತಷ್ಟೇ.

ಆದರೆ ಒಂದು ಭೇದವನ್ನು ಮರೆಯಬಾರದು. ಫೇರಿ ಆ ಹೊಲವನ್ನು ಇಂಥದಕ್ಕೆಂದು ಹೇಳಿ, ಬೆಲೆ ಕೊಟ್ಟು ಕೊಂಡಿದ್ದ. 1944ರಲ್ಲಿ ನೆಲವನ್ನು ಕೊಟ್ಟವರಿಗೆ ಅದು ಯಾವುದಕ್ಕೆ ಹೋಗುತ್ತಿದೆಯೆಂಬ ಸತ್ಯವೇ ತಿಳಿದಿರಲಿಲ್ಲ. ಮನುಷ್ಯನಿಂದ ನೆಲವನ್ನು ಪಡೆದರೆ ಪ್ರತಿಯಾಗಿ ಹಣ ಕೊಡಬಹುದು, ಬೇರೆ ನೆಲವನ್ನೂ ಕೊಡಬಹುದು. ಅವನ ತ್ಯಾಗಬುದ್ಧಿಯನ್ನು ಸುಳ್ಳು ಹೇಳಿ ಪಡೆದರೆ ಪ್ರತಿಯಾಗಿ ಕೊಡಲು ಯಾವ ಖಜಾನೆಯಲ್ಲಿಯೂ ಏನೂ ಇಲ್ಲ. ಯುದ್ಧಕ್ಕೆಂದು ಸೇಬಿನ ತೋಟವನ್ನು ಕೊಟ್ಟ ರೈತನೂ, ಆಸ್ಪತ್ರೆಗೆಂದು ರಾಗಿಯ ಹೊಲವನ್ನು ಕೊಟ್ಟ ನನ್ನ ತಂದೆಯೂ ಕಳೆದುಕೊಂಡದ್ದು ನೆಲಕ್ಕಿಂತ ದೊಡ್ಡದು.

ಹೀತ್ರೋದ ಕತೆ ಮುಗಿದಿಲ್ಲ. ನಿಲ್ದಾಣಕ್ಕೆ ಮೂರನೆಯ ರನ್‌ವೇ ಬೇಕೆಂಬ ಯೋಜನೆಗೆ 2018ರ ಜೂನ್ ತಿಂಗಳಿನಲ್ಲಿ ಬ್ರಿಟನ್ನಿನ ಸಂಸತ್ತು ಒಪ್ಪಿಗೆ ಕೊಟ್ಟಿತು. ಅದು ಆದರೆ ಹಾರ್ಮಂಡ್ಸ್‌ವರ್ತ್ ಹಳ್ಳಿಯ ಬಹುಪಾಲು ಮನೆಗಳು ಹೋಗುತ್ತವೆ. ಊರಿನವರು ಮೆರವಣಿಗೆ ಮಾಡಿದರು, ಫಲಕಗಳನ್ನು ನೆಟ್ಟರು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 2020ರ ಫೆಬ್ರವರಿಯಲ್ಲಿ ಮೇಲ್ಮನವಿಯ ನ್ಯಾಯಾಲಯ ವಿರೋಧಿಗಳ ಪರವಾಗಿ ತೀರ್ಪು ಕೊಟ್ಟಿತು; ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಗೆಲುವು ಯಾರದಾದರೂ ಆಗಲಿ, ಈ ಸಲ ಉದ್ದೇಶವನ್ನು ಹಗಲು ಬೆಳಕಿನಲ್ಲಿ ಹೇಳಿದ್ದಾರೆ. ಬೇಡವೆನ್ನುವವನಿಗೆ ಬೇಡವೆನ್ನಲು ಒಂದು ಸ್ಥಳವಿದೆ. ಇದನ್ನು ನಾನು ಆ ವೃದ್ಧರಿಗೆ ಹೇಳಿದಾಗ ಅವರು ತಲೆದೂಗಿ, "ಅಷ್ಟು ಮುಂದೆ ಬಂದಿದ್ದೇವೆ" ಎಂದರು. ವ್ಯಂಗ್ಯವಿತ್ತೋ ಸಮಾಧಾನವಿತ್ತೋ, ನನಗೆ ತಿಳಿಯಲಿಲ್ಲ.

ಮೊಮ್ಮಗನಿಗೆ ಕೊಟ್ಟ ಮಾತಿನಂತೆ ಹೀತ್ರೋ ಎಂಬ ಹೆಸರಿನ ಅರ್ಥವನ್ನು ಹೇಳಿದೆ. ಹಳೆಯ ಭೂಪಟದ ಪ್ರತಿಯನ್ನು ಅವನ ಮುಂದೆ ಹರಡಿ, ಇಲ್ಲಿ ಮನೆಗಳ ಸಾಲು, ಇಲ್ಲಿ ಸೇಬಿನ ತೋಟ, ಇಲ್ಲಿ ಹುಲ್ಲಿನ ಮೇಲಿಂದ ವಿಮಾನ ಹಾರುತ್ತಿತ್ತು ಎಂದು ತೋರಿಸಿದೆ. ಅವನು ಬೆರಳಿನಿಂದ ಆ ದಾರಿಯ ಮೇಲೆಯೇ ನಡೆದುಹೋಗಿ, "ಇವರೆಲ್ಲ ಎಲ್ಲಿಗೆ ಹೋದರು?" ಎಂದ. ಈ ಸಲ ನಾಳೆ ಹೇಳುತ್ತೇನೆ ಎನ್ನಲಿಲ್ಲ, ತಿಳಿದಷ್ಟನ್ನು ಹೇಳಿದೆ.

ನಾನು ಹಿಂತಿರುಗುವ ದಿನ ಬಂದಿತು. ವಿಮಾನ ಓಡುತ್ತ ಓಡುತ್ತ ನೆಲವನ್ನು ಬಿಡುವ ಹೊತ್ತಿಗೆ ಕಿಟಕಿಯಿಂದ ಕೆಳಗೆ ನೋಡಿದೆ. ಎರಡು ರನ್‌ವೇಗಳ ನಡುವೆ ಅಲ್ಲಲ್ಲಿ ಹಸಿರು ಹುಲ್ಲಿನ ಪಟ್ಟಿಗಳಿದ್ದುವು. ವಿಮಾನದ ಗಾಳಿಗೆ ಆ ಹುಲ್ಲು ಅಲೆಅಲೆಯಾಗಿ ಬಾಗುತ್ತಿತ್ತು. ಮರುದಿನ ವಿಮಾನ ದೇವನಹಳ್ಳಿಯ ಬಳಿ ಇಳಿಯಿತು. ಅಲ್ಲಿಯೂ ಕಿಟಕಿಯಿಂದ ನೋಡಿದೆ. ದೂರದಲ್ಲಿ ಕೆಂಪು ನೆಲ, ದ್ರಾಕ್ಷಿಯ ಚಪ್ಪರಗಳು, ಒಂದು ಹೊಲದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ ಇಬ್ಬರು. ವಿಮಾನ ಅವರ ತಲೆಯ ಮೇಲೆ ಹಾದುಹೋಯಿತು. ಅವರು ತಲೆಯೆತ್ತಿ ನೋಡಲಿಲ್ಲ. ಊರಿಗೆ ಹೋದ ಮೇಲೆ, ಬಹಳ ವರ್ಷಗಳ ತರುವಾಯ, ಉಗ್ರಾಣಗಳ ದಾರಿಯಲ್ಲಿ ನಡೆದು ಹೋದೆ. ಹೊಂಗೆಯ ಮರಗಳಲ್ಲಿ ಒಂದು ಇನ್ನೂ ಇತ್ತು. ಅದರ ಕೆಳಗೆ ಸ್ವಲ್ಪ ಹೊತ್ತು ನಿಂತು ಬಂದೆ.